ರೋಮನ್ ಸೈನಿಕರ ಬೆಲ್ಟ್: ರಿವೆಟ್ ತೂತು ಹರಿಯುತ್ತಿದೆ, ಕಲಾಯಿ ನಿಲ್ಲುತ್ತಿಲ್ಲ

ಪ್ರಶ್ನೆ
ನೆದರ್ಲೆಂಡ್ಸ್‌ನ ವೆಲ್ಸೆನ್‌ನಲ್ಲಿ ಬಾವಿಯೊಳಗೆ ಬಾಕಿನ ಜೊತೆಗೇ ಸಿಕ್ಕ ಬೆಲ್ಟ್‌ನ ಕಾಲ, ಅಂದರೆ ಕ್ರಿ.ಶ. 1ನೇ ಶತಮಾನದ ಮಾದರಿ ಮಾಡುತ್ತಿದ್ದೇನೆ. ಚರ್ಮ 4 ಮಿ.ಮೀ., ಫಲಕಗಳು 1 ಮಿ.ಮೀ. ಹಿತ್ತಾಳೆ ತಗಡು, 50 ಮಿ.ಮೀ. ಉದ್ದ, ನಾಲ್ಕು ಮೂಲೆಗೆ ರಿವೆಟ್. ಸೊಂಟಕ್ಕೆ ಸುತ್ತಿದರೆ ಮೂಲೆಗಳು ಏಳುತ್ತವೆ, ತೂತು ಹರಿಯುತ್ತದೆ. ಕಲಾಯಿಯೂ ತೇಪೆ ತೇಪೆ. ಇಡೀ ಸುತ್ತಿಗೆ ಫಲಕ ಬೇಕೇ?

ಉತ್ತರ 1
ಚರ್ಮ ದಪ್ಪವಾಯಿತು. ಹಳೆಯ ಫಲಕವನ್ನು ಪಕ್ಕದಿಂದ ತೋರಿಸುವ ಚಿತ್ರ ಹುಡುಕಿ: ಫಲಕದ ಬೆನ್ನಿಗೂ ರಿವೆಟ್‌ನ ಹಿಂದಿನ ವಾಷರ್‌ಗೂ ನಡುವಿನ ಸಂದೇ ಅಂದಿನ ಚರ್ಮದ ದಪ್ಪ. ಚರ್ಮ ಕೊಳೆತುಹೋದರೂ ಆ ಅಳತೆ ಉಳಿದಿರುತ್ತದೆ. ತಾಮ್ರದ ಕಿಲುಬು ಹತ್ತಿದ ಕಡೆ ಒಮ್ಮೊಮ್ಮೆ ತುಣುಕೂ ಉಳಿಯುತ್ತದೆ. ಅಳೆಯಲು ಏನೂ ಸಿಗದಿದ್ದರೆ 2.5 ಮಿ.ಮೀ. ಹಿಡಿಯಿರಿ.

ಲೆಕ್ಕ ನೋಡಿ. ಒಳಸುತ್ತು ಹೊರಸುತ್ತಿನ ವ್ಯತ್ಯಾಸ 4 ಮಿ.ಮೀ. ಚರ್ಮಕ್ಕೆ ಸುಮಾರು 25 ಮಿ.ಮೀ., 2.5ಕ್ಕೆ 16. ಮಟ್ಟಸ ಹಲಗೆಯ ಮೇಲೆ ರಿವೆಟ್ ಬಡಿದು ಆಮೇಲೆ ಬಗ್ಗಿಸಿದರೆ ಆ ಎಳೆತವೆಲ್ಲ ತೂತಿನ ಮೇಲೆ ಬೀಳುತ್ತದೆ. 88 ಸೆಂ.ಮೀ. ಸೊಂಟದಲ್ಲಿ 50 ಮಿ.ಮೀ.ನ ಚಪ್ಪಟೆ ಫಲಕದ ತುದಿ ಬಾಗಿನಿಂದ 2 ಮಿ.ಮೀ. ದೂರ ನಿಲ್ಲುತ್ತದೆ, ನಿಮ್ಮ ಮೂಲೆ ಏಳುವುದೂ ಅದಕ್ಕೇ. ಸೊಂಟದಷ್ಟೇ ಬಾಗಿದ ಮರದ ತುಂಡಿನ ಮೇಲಿಟ್ಟು ಬಡಿಯಿರಿ. ಫಲಕಗಳ ನಡುವೆ 2 ಮಿ.ಮೀ. ಸಂದು ಬಿಡಿ, ಬಾಗುವುದು ಅಲ್ಲಿಯೇ. 2 ಮಿ.ಮೀ. ತಂತಿಗೆ ಅಷ್ಟೇ ತೂತು, ವಾಷರ್‌ನಿಂದ ಆಚೆಗೆ 2–3 ಮಿ.ಮೀ. ಮಾತ್ರ ಉಳಿಸಿ. ಹೆಚ್ಚು ಬಿಟ್ಟರೆ ರಿವೆಟ್ ಚರ್ಮದೊಳಗೇ ಸೊಟ್ಟಗಾಗುತ್ತದೆ.

ಕ್ರೋಮ್ ಚರ್ಮ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು) ಬೇಡ, ಅದು 19ನೇ ಶತಮಾನದ್ದು. ಕತ್ತರಿಸಿದ ಅಂಚು ನೀಲಿ-ಬೂದಿಯಾಗಿದ್ದರೆ ಅದೇ. ತೊಗಟೆಯಲ್ಲಿ ಹದ ಮಾಡಿದ್ದನ್ನೇ ಕೇಳಿ.

ಉತ್ತರ 2
ಕಲಾಯಿ ತೇಪೆಯಾಗಲು ಮುಕ್ಕಾಲು ಪಾಲು ಕಾರಣ ಬೆರಳಿನ ಜಿಡ್ಡು, ಪಾಲಿಶ್‌ನ ಮೇಣ. ತಗಡನ್ನು ಉಜ್ಜಿ ತೊಳೆದ ಮೇಲೆ ಅಂಚು ಬಿಟ್ಟು ಬೇರೆಡೆ ಮುಟ್ಟಬೇಡಿ. ತವರ 232 ಡಿಗ್ರಿಗೆ ಕರಗುತ್ತದೆ. ಕರಗಿದ ಕೂಡಲೇ ನವಸಾಗರ ಉದುರಿಸಿ ಹತ್ತಿಯಿಂದ ಒಂದೇ ಸಲಕ್ಕೆ ಎಳೆಯಿರಿ, ನಮ್ಮ ಪಾತ್ರೆಗೆ ಕಲಾಯಿ ಹಾಕುವ ಹಾಗೆಯೇ. ಹೊಗೆ ಕೆಟ್ಟದ್ದು, ಬಯಲಲ್ಲಿ ಮಾಡಿ. ಹೆಚ್ಚು ಹೊತ್ತು ಕಾಯಿಸಿದರೆ ತವರ ಹಿತ್ತಾಳೆಯೊಳಗೆ ಇಳಿದು ಬೂದು ಬಣ್ಣ ಬರುತ್ತದೆ. ಉಬ್ಬು ಚಿತ್ರ, ತೂತು ಎಲ್ಲ ಮೊದಲೇ ಮುಗಿದಿರಲಿ. ಕೆತ್ತಿದ ಗೆರೆಗಳಿಗೆ ಕಪ್ಪು (ನಿಯೆಲ್ಲೊ) ತುಂಬುವುದಿದ್ದರೆ ಅದೂ ಮೊದಲೇ. ಆಭರಣದ ಅಂಗಡಿಯ ಸೀಸ ಬೆರೆತ ಕಪ್ಪು ಮಾತ್ರ ಬೇಡ. ಆ ಕಾಲದ್ದು ಬೆಳ್ಳಿ ಅಥವಾ ತಾಮ್ರದ ಸಲ್ಫೈಡ್.

ಉತ್ತರ 3
ಎಷ್ಟು ಫಲಕ ಎಂಬುದಕ್ಕೆ: ರೈನ್ ದಂಡೆಯ ಸಮಾಧಿಕಲ್ಲುಗಳು ಮುಂಭಾಗವನ್ನಷ್ಟೇ ತೋರಿಸುತ್ತವೆ. ಜರ್ಮನಿಯ ಬಿಂಗರ್‌ಬ್ರೂಕ್‌ನಲ್ಲಿ ಸಿಕ್ಕ, ಆನ್ನಾಯುಸ್ ದಾವೆರ್ಜುಸ್ ಎಂಬ ಸೈನಿಕನ ಕಲ್ಲಿನಲ್ಲಿ ಎರಡು ಬೆಲ್ಟ್ ಅಡ್ಡಡ್ಡ ಹಾಯ್ದಿವೆ, ಕೆಳಗೆ ಗುಬುಟು ಹೊಡೆದ ಪಟ್ಟಿಗಳು ಜೋತಿವೆ. ಬೆನ್ನಿನ ಕಡೆಯದನ್ನು ಕಲ್ಲಿನಿಂದ ಊಹಿಸಬೇಡಿ, ಒಂದೇ ಕಡೆ ಒಟ್ಟಾಗಿ ಸಿಕ್ಕ ಫಲಕಗಳನ್ನು ಎಣಿಸಿ. ಇನ್ನೊಂದು, ಚೆಂದ ಕಂಡಿತೆಂದು 'ಊತೆರೆ ಫೆಲಿಕ್ಸ್' (ಲ್ಯಾಟಿನ್‌ನಲ್ಲಿ 'ಶುಭವಾಗಿ ಬಳಸು') ಅಕ್ಷರಗಳನ್ನು ಇದಕ್ಕೆ ಜಡಿಯಬೇಡಿ. ಫ್ರಾನ್ಸಿನ ಲಿಯಾನ್‌ನಲ್ಲಿ ಸಿಕ್ಕ ಅಂಥ ಬೆಲ್ಟ್ ಅಲ್ಲಿನ ಕ್ರಿ.ಶ. 197ರ ಯುದ್ಧದ ಕಾಲದ್ದು.

ಪ್ರಶ್ನೆ ಕೇಳಿದವರು
4 ಮಿ.ಮೀ. ಚರ್ಮವನ್ನು ಹಿಂದಿನಿಂದ ಹೆರೆದು 2.5ಕ್ಕೆ ಇಳಿಸಬಹುದೇ?

ಉತ್ತರ 1
ಬೇಡ. ಕೈಯಲ್ಲಿ ಹೆರೆದರೆ ಒಂದೊಂದು ಕಡೆ ಒಂದೊಂದು ದಪ್ಪ ಬರುತ್ತದೆ, ರಿವೆಟ್‌ನ ಉದ್ದ ಪ್ರತಿ ತೂತಿಗೂ ಬದಲಾಗುತ್ತದೆ. ಅದನ್ನು ಬಾಕಿನ ಒರೆಗೆ ಇಟ್ಟುಕೊಳ್ಳಿ.