ಮೆಟ್ರೋ ಬಂತು, ಬೆಲೆ ಏರುತ್ತೆ ಅಂತ ನಮ್ಮನೆಯವರು. ನನಗೆ ಇಎಂಐ ಭಯ. ಏನು ಮಾಡಲಿ?

ಆರ್‌ಆರ್‌ನಗರದವಳು:

ಕೆಂಗೇರಿ ಹತ್ತಿರ ಒಂದು ಫ್ಲಾಟ್ ನೋಡಿದ್ದೇವೆ. ಎರಡು ಬೆಡ್‌ರೂಮ್, ರೀಸೇಲ್, ಮೆಟ್ರೋ ಸ್ಟೇಷನ್‌ಗೆ ನಡೆದೇ ಹೋಗಬಹುದು. 92 ಲಕ್ಷ ಹೇಳುತ್ತಿದ್ದಾರೆ.

ನಮ್ಮನೆಯವರು ಆಗಲೇ ಪರದೆ ಬಣ್ಣ ಆರಿಸುತ್ತಿದ್ದಾರೆ. 'ಮುಂದಿನ ವರ್ಷ ಇದೇ ಮನೆ ಒಂದು ಕೋಟಿ ಹತ್ತು ಲಕ್ಷ ಆಗುತ್ತೆ, ಆಮೇಲೆ ಅಳಬೇಡ' ಅನ್ನುತ್ತಾರೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ಲೆಕ್ಕ ಹಾಕದೆ ನಿದ್ದೆ ಬರಲ್ಲ. ಹಾಕಿದ ಮೇಲೂ ಬರುತ್ತಿಲ್ಲ.

ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ 5.6 ಪರ್ಸೆಂಟ್. ರಿಜಿಸ್ಟ್ರೇಷನ್ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ 1ರಿಂದ 2 ಪರ್ಸೆಂಟ್ ಆಯಿತಲ್ಲ, ಅದೂ ಸೇರಿದರೆ ಹತ್ತಿರ ಹತ್ತಿರ 7 ಲಕ್ಷ ಅಲ್ಲೇ ಹೋಯಿತು. ಕೈಯಿಂದ 34 ಲಕ್ಷ ಹಾಕಿ 65 ಲಕ್ಷ ಸಾಲ ಮಾಡಿದರೆ, ಬಡ್ಡಿ ಏಳೂಮುಕ್ಕಾಲು, 20 ವರ್ಷ, ಇಎಂಐ 53 ಸಾವಿರದ ಮೇಲೆ. ಮೇಂಟೆನೆನ್ಸ್ ನಾಲ್ಕೂವರೆ ಸಾವಿರ ಬೇರೆ. ಈಗ ಬಾಡಿಗೆ 26 ಸಾವಿರ. ಕೈಗೆ ಬರುವ ಸಂಬಳ ಅವರದು 93 ಸಾವಿರ, ನನ್ನದು 62 ಸಾವಿರ. ಅವರದು ಸ್ಟಾರ್ಟಪ್ ಕಂಪನಿ, ಹೋದ ವರ್ಷ ಅವರ ಟೀಮಿನಲ್ಲೇ ಅರ್ಧ ಜನರನ್ನು ಮನೆಗೆ ಕಳಿಸಿದರು.

ಇನ್ನೊಂದು. ಯುಟಿಲಿಟಿ ಗೋಡೆಯಲ್ಲಿ ಬಣ್ಣ ಉಬ್ಬಿಕೊಂಡಿದೆ. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದಾರೆ. ನಾನು ಎತ್ತಿ ನೋಡಿದೆ, ಬ್ರೋಕರ್ ತಕ್ಷಣ ಬಾಲ್ಕನಿ ತೋರಿಸೋಕೆ ಕರೆದುಕೊಂಡು ಹೋದರು.

ತಗೊಳ್ಳಬೇಕಾ, ಕಾಯಬೇಕಾ?

ವರ್ತೂರು ಹುಡುಗ:

ಅಕ್ಕ, ತಗೊಳ್ಳಿ. ನಾನು 2019ರಲ್ಲಿ 58 ಲಕ್ಷ ಕೊಟ್ಟಾಗ ಮನೆಯಲ್ಲಿ ಎಲ್ಲರೂ ಬೈದಿದ್ದರು. ಈಗ ನಮ್ಮ ಬ್ಲಾಕಿನಲ್ಲೇ ಒಂದು ಕೋಟಿ ದಾಟಿದೆ. ಬೆಂಗಳೂರಲ್ಲಿ ಬೆಲೆ ಇಳಿಯುತ್ತೆ ಅಂತ ಕಾದವರು ಇನ್ನೂ ಕಾಯುತ್ತಲೇ ಇದ್ದಾರೆ. ರಿಸರ್ವ್ ಬ್ಯಾಂಕ್ 2025ರಲ್ಲಿ ನಾಲ್ಕು ಸಲ ರೆಪೋ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರ) ಇಳಿಸಿ 6.5ರಿಂದ 5.25ಕ್ಕೆ ತಂದಿತು. ಇಷ್ಟು ಕಡಿಮೆ ಬಡ್ಡಿ ಮತ್ತೆ ಸಿಗುತ್ತಾ? ನಿಮ್ಮನೆಯವರು ಹೇಳೋದು ಸರಿ.

ಶಿವಮೊಗ್ಗ ರಿಟರ್ನ್:

ಏನು ಸರಿ ಬ್ರದರ್? ಅಲ್ಲಿ ಅಂಥದ್ದೇ ಫ್ಲಾಟಿಗೆ 26 ಸಾವಿರ ಬಾಡಿಗೆ ಅಂದುಕೊಳ್ಳಿ. ವರ್ಷಕ್ಕೆ 3.12 ಲಕ್ಷ. 92 ಲಕ್ಷದ ಮೇಲೆ ನೂರಕ್ಕೆ ಮೂರೂವರೆ ರೂಪಾಯಿಯೂ ಬೀಳಲ್ಲ. ಬ್ಯಾಂಕಿಗೆ ಕಟ್ಟೋದು ಏಳೂಮುಕ್ಕಾಲು. ಐಟಿಯವರ ಕೆಲಸವೇ ಅಲುಗಾಡುತ್ತಿರುವಾಗ ಈ ಬೆಲೆಗೆ ಮುಂದೆ ಕೊಳ್ಳುವವರು ಯಾರು? ನಾನಂತೂ ಬಾಡಿಗೆ ಮನೆಯಲ್ಲೇ ಆರಾಮಾಗಿದ್ದೇನೆ.

ಸಾಲದ ಕೌಂಟರ್ ರಾಮಣ್ಣ:

ಮೇಡಂ, ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ರಿಟೈರ್ ಆದವನು, ಈಗ ಮೈಸೂರಿನಲ್ಲಿದ್ದೇನೆ. ಮೇಲಿನ ಇಬ್ಬರೂ ಬೆಲೆ ಬಗ್ಗೆ ಜಗಳವಾಡುತ್ತಿದ್ದಾರೆ. ಬೆಲೆ ಬೇಕಾಗುವುದು ನೀವು ಮಾರುವ ದಿನ. ಇಎಂಐ ಪ್ರತಿ ತಿಂಗಳು ಬರುತ್ತದೆ.

ವರ್ತೂರಿನವರು ಕಡಿಮೆ ಬಡ್ಡಿ ಅಂದರು. 2021ರ ಕೊನೆಯಲ್ಲೂ ಎಲ್ಲರೂ ಅದನ್ನೇ ಅಂದಿದ್ದರು. ಆಗ 6.7 ಪರ್ಸೆಂಟ್‌ಗೆ 50 ಲಕ್ಷ ತಗೊಂಡಿದ್ದರೆ 20 ವರ್ಷಕ್ಕೆ ಇಎಂಐ ಸುಮಾರು 37,900. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ 4ರಿಂದ 6.5ಕ್ಕೆ ಹೋಯಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಮನೆ ಸಾಲಗಳು ಇಂಥ ಹೊರಗಿನ ದರಕ್ಕೇ ಕಟ್ಟಿಕೊಂಡಿವೆ, ಹಾಗಾಗಿ 6.7 ಇದ್ದದ್ದು 9.2 ಆಯಿತು. ಅಷ್ಟೊತ್ತಿಗೆ ಅಸಲು 48 ಲಕ್ಷ ಚಿಲ್ಲರೆ ಬಾಕಿ. ತಿಂಗಳ ಬಡ್ಡಿಯೇ 37 ಸಾವಿರ! ಅಸಲಿಗೆ ಹೋಗುವುದು ನೂರರ ಲೆಕ್ಕದಲ್ಲಿ. ಇಎಂಐ ಹಾಗೇ ಬಿಟ್ಟರೆ ಸಾಲ ತೀರುವ ಹೊತ್ತಿಗೆ ಮೊಮ್ಮಕ್ಕಳ ಮದುವೆ. ಅವಧಿ ಸುಮ್ನೆ ಬೆಳೆಯುತ್ತಾ ಹೋದದ್ದು ಎಷ್ಟೋ ಜನರಿಗೆ ಗೊತ್ತೇ ಆಗಲಿಲ್ಲ. ಆಮೇಲೆ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಇಎಂಐ ಏರಿಸಬೇಕಾ ಅವಧಿ ಏರಿಸಬೇಕಾ ಅಂತ ಸಾಲಗಾರರನ್ನೇ ಕೇಳಬೇಕು ಎಂದು ಹೇಳಿತು.

ಈಗ ನಿಮ್ಮ 65 ಲಕ್ಷಕ್ಕೆ ಬನ್ನಿ. ಬಡ್ಡಿ ಎರಡು ಪರ್ಸೆಂಟ್ ಏರಿ 9.75 ಆದರೆ ಇಎಂಐ 61,600ರ ಆಸುಪಾಸು. ನಿಮ್ಮ ಸಂಬಳ 62. ಯಜಮಾನರ ಕೆಲಸ ಹೋದರೆ ಆ ತಿಂಗಳು ಉಳಿಯುವುದು ಮೇಂಟೆನೆನ್ಸ್‌ಗೂ ಸಾಲದು.

ಹಾಗಂತ ಶಿವಮೊಗ್ಗದವರ ಮಾತೂ ಪೂರ್ತಿ ಅಲ್ಲ. ಬಾಡಿಗೆ ಹೀಗೇ 26ಕ್ಕೆ ನಿಂತಿರುತ್ತದೆ ಅಂದುಕೊಂಡಿದ್ದಾರೆ. 2022ರಲ್ಲಿ ಎಲ್ಲರೂ ಆಫೀಸಿಗೆ ವಾಪಸ್ ಬಂದಾಗ ಬೆಂಗಳೂರಿನ ಓನರುಗಳು ಹೇಗೆ ಏರಿಸಿದರು ಅಂತ ಅವರಿಗೂ ನೆನಪಿರುತ್ತದೆ. ಆದರೆ 2014ರಿಂದ 2020ರವರೆಗೆ ಎಷ್ಟೋ ಕಡೆ ಫ್ಲಾಟಿನ ಬೆಲೆ ಹೆಚ್ಚು ಕದಲಲಿಲ್ಲ, ಅದೂ ನಿಜ. ಬೆಳೆಯುವುದು ನೆಲ, ಕಟ್ಟಡ ಹಳೆಯದಾಗುತ್ತದೆ. ಆ ಫ್ಲಾಟಿಗೆ ನೆಲದ ಪಾಲು ಎಷ್ಟು ಚದರಡಿ ಅಂತ ಕ್ರಯಪತ್ರದಲ್ಲಿ ನೋಡಿ. ಬ್ರೋಕರ್ ಅದನ್ನು ಹೇಳುವುದಿಲ್ಲ.

ನನ್ನ ಮಾತು ಕೇಳುವುದಾದರೆ, ಮೂರ್ನಾಲ್ಕು ತಿಂಗಳು ಬಾಡಿಗೆ ಕಟ್ಟಿದ ಮೇಲೆ ಇನ್ನೂ 32 ಸಾವಿರ ಆರ್‌ಡಿಗೆ ಹಾಕಿ ನೋಡಿ, ಇಎಂಐ ಮತ್ತು ಮೇಂಟೆನೆನ್ಸ್ ಸೇರಿದರೆ ಬಾಡಿಗೆಗಿಂತ ಅಷ್ಟು ಹೆಚ್ಚು ಬೇಕಾಗುತ್ತದೆ. ಮಕ್ಕಳ ಸ್ಕೂಲ್ ಫೀಸ್ ಕಟ್ಟುವ ತಿಂಗಳೂ ಅದರಲ್ಲಿ ಬರಲಿ. ನಿಭಾಯಿಸಿದರೆ ತಗೊಳ್ಳಿ, ಆದರೆ 65 ಲಕ್ಷ ಬೇಡ, 50ರೊಳಗೆ ಇರಲಿ. ಫ್ಲೋಟಿಂಗ್ ಸಾಲಕ್ಕೆ ಮೊದಲೇ ತೀರಿಸಿದರೆ ದಂಡ ಇಲ್ಲ, ಬೋನಸ್ ಬಂದಾಗೆಲ್ಲ ಕಟ್ಟಬಹುದು. ಟ್ಯಾಕ್ಸ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ, ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ಆ 2 ಲಕ್ಷದ ವಿನಾಯಿತಿ ಇಲ್ಲ.

ಆರ್‌ಆರ್‌ನಗರದವಳು:

ಸರ್, ತುಂಬಾ ಥ್ಯಾಂಕ್ಸ್. ನಮ್ಮನೆಯವರಿಗೆ ಓದಿ ಹೇಳಿದೆ. 37 ಸಾವಿರ ಬಡ್ಡಿ ಅನ್ನೋ ಕಡೆ ಫೋನ್ ಕಿತ್ತುಕೊಂಡು ತಾವೇ ಕ್ಯಾಲ್ಕುಲೇಟರ್ ಒತ್ತಿದರು. ಪರದೆ ವಿಷಯ ಸದ್ಯ ನಿಂತಿದೆ. ಆದರೂ 'ಗೋಡೆ ನೆವ ಹೇಳಿ 84ಕ್ಕೆ ಕೇಳೋಣ' ಅನ್ನುತ್ತಿದ್ದಾರೆ. ಸಾಲ 50ರೊಳಗೆ ಅಂದರೆ ಊರಿನ ಸೈಟ್ ಮಾರಬೇಕು. ಅದಕ್ಕೆ ಮಾವನವರು ಒಪ್ಪಲ್ಲ, ಅದು ಬೇರೆಯೇ ಕಥೆ.

ಒಂದು ಕೇಳೋದಿತ್ತು. ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ) ಇದೆಯಾ ಅಂದರೆ ಓನರ್ 'ಅಪ್ಲೈ ಮಾಡಿದ್ದೇವೆ, ನೀವು ಟೋಕನ್ ಅಡ್ವಾನ್ಸ್ ಕೊಡಿ' ಅನ್ನುತ್ತಾರೆ. ಕೊಡಬಹುದಾ?

ಸಾಲದ ಕೌಂಟರ್ ರಾಮಣ್ಣ:

ಬೇಡ. ಇ-ಖಾತೆ ಇಲ್ಲದೆ ಈಗ ರಿಜಿಸ್ಟ್ರೇಷನ್ ಆಗಲ್ಲ. ಅದು ಕೈಗೆ ಬರಲಿ, ಜೊತೆಗೆ ಒಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಕಾಪಿ ಮತ್ತು ಹಿಂದಿನ ವರ್ಷಗಳ ಇಸಿ (ಆಸ್ತಿಯ ಋಣಭಾರ ಪತ್ರ) ಕೇಳಿ. ಆಮೇಲೆ ಟೋಕನ್. 84 ಅಲ್ಲ, 82ರಿಂದ ಶುರು ಮಾಡಿ.

ವರ್ತೂರು ಹುಡುಗ:

82ಕ್ಕೆ ಯಾರೂ ಕೊಡಲ್ಲ ಸರ್ 😄 ಕೊಟ್ಟರೆ ನನಗೂ ಹೇಳಿ, ನಾನೇ ಒಂದು ತಗೊಳ್ತೀನಿ.