ಒಡೆದ ವೀಣೆಯನ್ನು ಪುಣೆಯಿಂದ ಮೈಸೂರಿಗೆ ತರಬೇಕು, ಹೇಗೆ?

ಸರಸ್ವತಿಪುರಂ ವೀಣೆ ಟೀಚರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಹೊಟ್ಟೆ ಉರಿದುಕೊಂಡು ಬರೆಯುತ್ತಿದ್ದೇನೆ, ಕ್ಷಮಿಸಿ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ವೀಣೆ ಹೇಳಿಕೊಡುತ್ತೇನೆ. ನಮ್ಮ ಸೋದರತ್ತೆಯ ವೀಣೆ ಒಂದಿತ್ತು. ಹಲಸಿನ ಮರದ್ದು, 1968ರಲ್ಲಿ ಅವರ ಮದುವೆಗೆ ನಮ್ಮ ತಾತ ಕೊಡಿಸಿದ್ದು. ಅತ್ತೆ ಹೋದಮೇಲೆ ನನ್ನ ಹತ್ತಿರವೇ ಉಳಿಯಿತು. ಮಗಳು ಕೆಲಸ ಸಿಕ್ಕಿ ಪುಣೆಗೆ ಹೋದವಳು ಯುಗಾದಿಗೆ ಬಂದಾಗ "ಅಮ್ಮಾ, ಅಜ್ಜಿ ವೀಣೆ ಕಳಿಸು, ಮತ್ತೆ ಶುರು ಮಾಡ್ತೀನಿ" ಅಂದಳು. ನನಗೆ ಹಾಲು ಕುಡಿದಷ್ಟು ಸಂತೋಷ. ಆ ಸಂತೋಷದಲ್ಲೇ ಬುದ್ಧಿ ಕೆಟ್ಟಿತು ಅನ್ನಿ.

ಕೊರಿಯರ್ ಕಂಪನಿಯ ಹೆಸರು ಇಲ್ಲಿ ಬೇಡ. ದೊಡ್ಡದೇ. ಏಪ್ರಿಲ್ 11ಕ್ಕೆ ಇಬ್ಬರು ಹುಡುಗರು ಬಂದರು. ಫೋನಿನಲ್ಲಿ ಏನೋ ಒತ್ತುತ್ತಾ ಒಬ್ಬ ಕೇಳಿದ, "ವೀಣೆ ಅಂದ್ರೆ ಗಿಟಾರ್ ತರಾನಾ ಮೇಡಂ?" ಅವರ ಪಟ್ಟಿಯಲ್ಲಿ ವೀಣೆ ಇರಲಿಲ್ಲ. ಗಿಟಾರೂ ಇರಲಿಲ್ಲ. ಕೊನೆಗೆ "ಫರ್ನಿಚರ್" ಅಂತ ಹಾಕಿಕೊಂಡ. ಬೆಲೆ ಎಷ್ಟು ಬರೆಯಲಿ ಅಂದಾಗ ನಾನು ಯೋಚನೆ ಮಾಡುತ್ತಿದ್ದೆ. "ಸುಮ್ನೆ 10,000 ಹಾಕಿ ಮೇಡಂ, ಜಾಸ್ತಿ ಹಾಕಿದ್ರೆ ಬಿಲ್ಲು ಕೇಳ್ತಾರೆ" ಅಂದ. 1968ರ ಬಿಲ್ಲು ನಾನೆಲ್ಲಿಂದ ತರಲಿ? ಹೂಂ ಅಂದುಬಿಟ್ಟೆ.

ಮರದ ಪೆಟ್ಟಿಗೆ ಅವರದೇ. ಪ್ಯಾಕಿಂಗ್‌ಗೆ 2,200 ರೂಪಾಯಿ. ಆಮೇಲೆ ಟೇಪು ಹಿಡಿದರು. 145, 45, 45 ಸೆಂಟಿಮೀಟರ್. ಗುಣಿಸಿ 5,000ದಿಂದ ಭಾಗಿಸಿದರೆ 59 ಕೆಜಿ ಅಂತೆ. ಪೆಟ್ಟಿಗೆ ಸೇರಿ ತಕ್ಕಡಿಯಲ್ಲಿ ಬಂದಿದ್ದು 21. ಮಿಕ್ಕ 38 ಕೆಜಿ ಗಾಳಿಗೂ ದುಡ್ಡು ಕೊಟ್ಟೆ, ಕೆಜಿಗೆ 70ರ ಹಾಗೆ.

ಆಮೇಲಿನದು ನಿಮಗೆ ಗೊತ್ತಿರೋದೇ. ಮೈಸೂರು, ಬೆಂಗಳೂರು, ಆಮೇಲೆ ಐದು ದಿನ "ದಾರಿಯಲ್ಲಿದೆ". ಮಗಳು ಆಫೀಸಿನಲ್ಲಿದ್ದಾಗ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೈಲಿ ಸಹಿ ಹಾಕಿಸಿ ಇಳಿಸಿ ಹೋಗಿದ್ದಾರೆ. ನನ್ನ ಫೋನಿಗೆ "ಯಶಸ್ವಿಯಾಗಿ ತಲುಪಿದೆ, ಎಷ್ಟು ಸ್ಟಾರ್ ಕೊಡುತ್ತೀರಿ?" ಅಂತ ಮೆಸೇಜು.

ರಾತ್ರಿ ವಿಡಿಯೋ ಕಾಲ್ ಮಾಡಿ ಮುಚ್ಚಳ ತೆಗೆಸಿದೆ. ಅವಳು ವೀಣೆ ಎತ್ತಿದ ತಕ್ಷಣ ಕೊಡದ, ಅಂದರೆ ವೀಣೆಯ ಟೊಳ್ಳು ಹೊಟ್ಟೆಯ, ಒಳಗಿಂದ ಗಲಗಲ ಸದ್ದು, ಡಬ್ಬಿಯಲ್ಲಿ ಕಡಲೆಬೀಜ ಅಲ್ಲಾಡಿಸಿದ ಹಾಗೆ. ಸೋರೆ ಬುರುಡೆ ಮೂರು ಹೋಳು. ತುದಿಯಲ್ಲಿ ಕೆತ್ತಿದ ಯಾಳಿ ಮುಖಕ್ಕೆ ಕೆಳದವಡೆ ಇಲ್ಲ. ಕೊಡಕ್ಕೂ ಉದ್ದನೆಯ ದಂಡಿಗೂ ಮಧ್ಯೆ ಒಂದು ಬೆರಳು ತೂರುವಷ್ಟು ಸಂದು. ಸ್ವರದ ಮೆಟ್ಟಿಲೆಲ್ಲಾ ಒಂದೇ ಕಡೆಗೆ ವಾಲಿಕೊಂಡಿವೆ. ತುದಿಯಲ್ಲಿ ಅತ್ತೆ ಯಾವತ್ತೋ ಕಟ್ಟಿದ್ದ ಕೆಂಪು ದಾರ ಮಾತ್ರ ಗಂಟು ಕೂಡ ಸಡಿಲ ಆಗದೆ ಹಾಗೇ ಇತ್ತು. ಅದನ್ನು ನೋಡಿ ನನಗೆ ಅಳು ಬಂದಿದ್ದು.

ದೂರು ಕೊಟ್ಟೆ. ಹನ್ನೊಂದು ಸಲ ಫೋನು. "ಒಳಗಿನ ಪ್ಯಾಕಿಂಗ್ ಸರಿಯಿಲ್ಲ" ಅನ್ನುತ್ತಾರೆ. ಪ್ಯಾಕ್ ಮಾಡಿದ್ದು ನಿಮ್ಮವರೇ ಅಲ್ವಾ ಅಂದರೆ, "ಅದು ಬೇರೆ ಏಜೆನ್ಸಿ ಮೇಡಂ". ರಸೀದಿ ಹಿಂದೆ "ಓನರ್ಸ್ ರಿಸ್ಕ್" ಸೀಲು, ಅಂದರೆ ಒಡೆದರೆ ಹೊಣೆ ನಮ್ಮದೇ ಅಂತೆ. ಕೊನೆಗೆ ದೊಡ್ಡ ಮನಸ್ಸು ಮಾಡಿ ಮುಂದಿನ ಬುಕಿಂಗ್‌ಗೆ 500 ರೂಪಾಯಿ ಕೂಪನ್ ಕಳಿಸಿದ್ದಾರೆ. ಇನ್ನೊಂದು ವೀಣೆ ಒಡೆಸಿಕೊಳ್ಳುವುದಕ್ಕೆ!

ನನ್ನ ಪ್ರಶ್ನೆ ಎರಡು. ಇದನ್ನು ಮೈಸೂರಿನಲ್ಲೇ ರಿಪೇರಿ ಮಾಡಿಸಬೇಕು. ಇನ್ನಷ್ಟು ಒಡೆಯದ ಹಾಗೆ ತರುವುದು ಹೇಗೆ? ಎರಡನೆಯದು, ಈ ಕಂಪನಿಯ ಹಿಂದೆ ಬೀಳಬೇಕಾ, ಕೈ ತೊಳೆದುಕೊಳ್ಳಬೇಕಾ?

ಬೋಗಾದಿ ಬಾಯ್:

ಮೇಡಂ ರಿಪೇರಿ, ಓಡಾಟ, ಕೇಸು ಎಲ್ಲಾ ಸೇರಿದರೆ ಹೊಸ ವೀಣೆಯೇ ಬರುತ್ತಲ್ವಾ? ಸುಮ್ನೆ ತಲೆನೋವು ಯಾಕೆ.

ಸರಸ್ವತಿಪುರಂ ವೀಣೆ ಟೀಚರ್:

ಬರುತ್ತಪ್ಪ. ಅತ್ತೆ ಬರಲ್ಲ.

ಮಂಡಿಮೊಹಲ್ಲಾ ಮರಗೆಲಸ:

ಅಮ್ಮಾ, ಮೊದಲು ಮಗಳಿಗೆ ಫೋನ್ ಮಾಡಿ, ಫೆವಿಕ್ವಿಕ್ ಗಿವಿಕ್ವಿಕ್ ಏನೂ ಹಚ್ಚಬೇಡ ಅನ್ನಿ. ಮಿಕ್ಕಿದ್ದು ಆಮೇಲೆ. ಆ ಅಂಟು ಗಾಜಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತೆ. ಅದನ್ನು ಕೆರೆದು ತೆಗೆಯದೆ ನಮ್ಮ ಅಂಟು ಹಿಡಿಯಲ್ಲ, ಕೆರೆದರೆ ಮರ ಸವೆಯುತ್ತೆ. ವೀಣೆ ರಿಪೇರಿಗೆ ಬಂದಾಗ ಅರ್ಧ ದಿನ ನಾವು ಇಂಥ ಪ್ರೀತಿಯ ರಿಪೇರಿಯನ್ನೇ ಬಿಚ್ಚುತ್ತಾ ಕೂತಿರುತ್ತೇವೆ.

ಸೋರೆ ಬುರುಡೆಗೆ ಅಳಬೇಡಿ. ತಿರುಪು ಬಿಚ್ಚಿ ತೆಗೆಯುವ ಸಾಮಾನು ಅದು, ಬೇರೆ ಹಾಕಬಹುದು. ನಾದ ಬರುವುದು ಕೊಡದಿಂದ. ಸೋರೆ ಮುಖ್ಯವಾಗಿ ತೊಡೆ ಮೇಲೆ ಊರಿಕೊಳ್ಳುವುದಕ್ಕೆ, ನಿಮಗೆ ಗೊತ್ತಿರುತ್ತೆ. ಸಾಗಿಸುವಾಗ ಅದನ್ನು ಬಿಚ್ಚಿ ಬೇರೆ ಚೀಲದಲ್ಲಿ ಇಡಬೇಕಿತ್ತು. ದಂಡಿಗೆ ತಗುಲಿಹಾಕಿಕೊಂಡೇ ಪೆಟ್ಟಿಗೆಗೆ ಇಳಿಸಿದ್ದಾರೆ ಅಂದರೆ ಪ್ಯಾಕ್ ಮಾಡಿದವರು ಜನ್ಮದಲ್ಲಿ ವೀಣೆ ಮುಟ್ಟಿಲ್ಲ.

ಸಂದು ಬಿಟ್ಟಿರೋದು ನೋಡಿದರೆ ನಿಮ್ಮದು ಜೋಡಿಸಿದ ವೀಣೆ. ಕೆಟ್ಟದರಲ್ಲಿ ಒಳ್ಳೇದು. ಪೆಟ್ಟು ಬಿದ್ದಾಗ ಬೆಸುಗೆ ಬಿಟ್ಟುಕೊಂಡಿದೆ, ಮರ ಉಳಿದಿದೆ. ಏಕಾಂಡ ವೀಣೆ ಆಗಿದ್ದರೆ, ಅಂದರೆ ಒಂದೇ ದಿಮ್ಮಿಯಲ್ಲಿ ಕೊರೆದದ್ದಾಗಿದ್ದರೆ, ಮರವೇ ಸೀಳುತ್ತಿತ್ತು. ಅದನ್ನು ಕೂಡಿಸುವುದು ಕಷ್ಟ.

ಮೆಟ್ಟಿಲು ವಾಲಿದ್ದಕ್ಕೆ ಬಿಸಿಲು ಕಾರಣ, ಎತ್ತಿ ಹಾಕಿದ್ದಲ್ಲ. 24 ಮೆಟ್ಟಿಲೂ ಕೂತಿರುವುದು ಮೇಣದ ಮೇಲೆ ತಾನೇ. ಜೇನುಮೇಣ 60 ಡಿಗ್ರಿ ದಾಟಿದರೆ ಕರಗುತ್ತೆ, ಅದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತೆ. ಏಪ್ರಿಲಿನಲ್ಲಿ ಮಧ್ಯಾಹ್ನ ನಿಂತ ಲಾರಿಯ ತಗಡಿನ ಡಬ್ಬದೊಳಗೆ ಎಷ್ಟಿರುತ್ತೆ ಯೋಚಿಸಿ. ಅದಕ್ಕೇ ನಾವು ಶಿವರಾತ್ರಿ ದಾಟಿದರೆ ಮಳೆ ಬೀಳುವವರೆಗೂ ಮೇಳ ಕಟ್ಟಿದ, ಅಂದರೆ ಮೇಣದಲ್ಲಿ ಮೆಟ್ಟಿಲು ಕೂರಿಸಿದ, ವೀಣೆಯನ್ನು ದೂರ ಕಳಿಸಲ್ಲ. ಈಗ ಹೇಗೂ ಹೊಸದಾಗಿ ಮೇಳ ಕಟ್ಟಬೇಕು, ಆ ಚಿಂತೆ ಬಿಡಿ.

ತರುವಾಗ ಏಳು ತಂತಿಯನ್ನೂ ಸಡಿಲ ಬಿಡಿ. ತಂತಿ ಕೂರುವ ಕುದುರೆ ತೆಗೆದು ಬಟ್ಟೆ ಸುತ್ತಿ ಬೇರೆ ಇಡಿ, ಇಲ್ಲದಿದ್ದರೆ ಅದೇ ಉರುಳಿ ಹಲಗೆಗೆ ಗೀರು ಹಾಕುತ್ತೆ. ತಂತಿಗೂ ಮೆಟ್ಟಿಲಿಗೂ ಮಧ್ಯೆ ಹಳೇ ಪಂಚೆ ತೂರಿಸಿ. ಕೊಡದ ಕೆಳಗೆ ಸಿಂಬಿ ಮಾಡಿ, ನೀರಿನ ಕೊಡಕ್ಕೆ ಇಡುತ್ತಿದ್ದೆವಲ್ಲ ಹಾಗೆ, ಕಾಟನ್ ಸೀರೆ ಸುತ್ತಿ. ಭಾರ ಸಿಂಬಿ ಮೇಲೆ ಕೂರಬೇಕು, ದಂಡಿ ತೇಲಿದ ಹಾಗಿರಬೇಕು. ಯಾಳಿ ಮುಖ ಪೆಟ್ಟಿಗೆಗೆ ತಾಗಲೇಬಾರದು. ಸಣ್ಣ ಚಕ್ಕೆ ಸಿಕ್ಕಿದರೂ ಎಸೆಯಬೇಡಿ, ಒಂದು ಪೊಟ್ಟಣಕ್ಕೆ ಹಾಕಿ ತನ್ನಿ. ತಂತಿ ಬಿಗಿಯುವ ಬಿರಡೆ ಏಳೂ ಇದೆಯಾ ಎಣಿಸಿ.

ಒಂದು ಮಾತು, ಇದನ್ನು ಓದಿ ಪಿಟೀಲಿನವರು ಹೀಗೇ ಮಾಡಬೇಡಿ. ಪಿಟೀಲಿನ ತಂತಿ ಪೂರ್ತಿ ಸಡಿಲ ಬಿಟ್ಟರೆ ಒಳಗೆ ನಿಂತಿರುವ ಕಡ್ಡಿ ಬಿದ್ದುಹೋಗುತ್ತೆ. ಅದಕ್ಕೆ ಸ್ವಲ್ಪ ಇಳಿಸಿದರೆ ಸಾಕು.

ರಾತ್ರಿ ಪಾಳಿ, ಮಂಡ್ಯ:

ಅಕ್ಕ, ನಾನು ಎರಡು ವರ್ಷ ಒಂದು ಕೊರಿಯರ್ ಗೋಡೌನಿನಲ್ಲಿ ಲೋಡಿಂಗ್ ಮಾಡಿದ್ದೆ. ನಿಮ್ಮ ಕಂಪನಿನೇ ಅಂತಲ್ಲ, ಎಲ್ಲಾ ಕಡೆ ಒಂದೇ ಕಥೆ. ಬೈಯ್ಯೋ ಹಾಗಿದ್ದರೆ ಓದಿದಮೇಲೆ ಬೈಯಿರಿ.

ಫ್ರಜೈಲ್ ಸ್ಟಿಕ್ಕರ್ ನಂಬಬೇಡಿ. ರಾತ್ರಿ ಎರಡು ಗಂಟೆಗೆ ಲಾರಿ ಬರುತ್ತೆ, ನಾಲ್ಕಕ್ಕೆ ಖಾಲಿ ಆಗಿ ಹೊರಡಬೇಕು. ನಾವು ಆರು ಜನ. ಮಿಕ್ಸಿ ಡಬ್ಬಕ್ಕೂ ಅದೇ ಸ್ಟಿಕ್ಕರು, ಚಪ್ಪಲಿ ಡಬ್ಬಕ್ಕೂ ಅದೇ ಸ್ಟಿಕ್ಕರು. ಯಾರು ಓದುತ್ತಾರೆ ಕಣಕ್ಕ? ಕೈ ನೋಡುವುದು ತೂಕ, ಕಣ್ಣು ನೋಡುವುದು ಆಕಾರ. ಒಬ್ಬನೇ ಎತ್ತಬಹುದಾದ ಪೆಟ್ಟಿಗೆ ಕೈಯಿಂದ ಕೈಗೆ ಹಾರುತ್ತೆ. ಇಬ್ಬರು ಬೇಕಾದದ್ದನ್ನು ನಿಧಾನ ಇಳಿಸುತ್ತೇವೆ, ಯಾಕಂದ್ರೆ ನಮ್ಮ ಕಾಲು ನಮಗೆ ಮುಖ್ಯ. ನಿಮ್ಮದು 21 ಕೆಜಿ ನೋಡಿ. ಒಬ್ಬ ಎತ್ತಿಬಿಡುತ್ತಾನೆ, ಆದರೆ ಐದಡಿ ಹತ್ತಿರ ಉದ್ದ, ಬ್ಯಾಲೆನ್ಸ್ ಸಿಗಲ್ಲ. ಒಂದು ತುದಿ ನೆಲಕ್ಕೆ ಬಿದ್ದೇ ಬೀಳುತ್ತೆ. ಯಾಳಿ ದವಡೆ ಅಲ್ಲೇ ಹೋಗಿದ್ದು ಅಂತ ನನ್ನ ಅಂದಾಜು.

ಇನ್ನೊಂದು, ಮೇಲ್ಭಾಗ ಸಮ ಇರೋ ಪೆಟ್ಟಿಗೆ ಕಂಡರೆ ಅದು ನಮಗೆ ಜಗುಲಿ. ಅದರ ಮೇಲೆ ಅಕ್ಕಿ ಮೂಟೆ ತೂಕದ್ದೂ ಕೂರುತ್ತೆ. ಒಬ್ಬರು ಗಾಜಿನ ದೀಪ ಕಳಿಸುವಾಗ ಪೆಟ್ಟಿಗೆ ಮೇಲೆ ಎರಡು ಪಟ್ಟಿ ಹೊಡೆದು ಗುಡಿಸಲು ಮಾಡಿನ ತರ ಮಾಡಿದ್ದರು. ಅದರ ಮೇಲೆ ಏನಿಟ್ಟರೂ ಜಾರುತ್ತೆ. ಎಲ್ಲರೂ ಬೈದುಕೊಂಡು ಅದನ್ನು ಮೂಲೆಯಲ್ಲಿ ಒಂಟಿಯಾಗಿ ನಿಲ್ಲಿಸಿದೆವು. ಬಹಳ ಬುದ್ಧಿವಂತ ಅಂತ ಆಮೇಲೆ ಅನ್ನಿಸಿತು. ಅಡಿಗೆ ಎರಡು ದಪ್ಪ ರೀಪರ್ ಹೊಡೆದು, ಎರಡು ಕಡೆ ಹಗ್ಗದ ಹಿಡಿ ಕೊಟ್ಟರೆ ಇನ್ನೂ ಒಳ್ಳೇದು. ಹಿಡಿ ಇದ್ದರೆ ಹಿಡಿಯಲ್ಲೇ ಎತ್ತುತ್ತಾರೆ.

ಆದರೂ ನನ್ನ ಮಾತು ಕೇಳಿದರೆ ಕೊರಿಯರ್‌ಗೆ ಮತ್ತೆ ಹಾಕಬೇಡಿ. ನಾನೇ ಹಾಕಲ್ಲ.

ಹಳೇ ತಂಬೂರಿ:

ನಾನು ಮೀರಜ್‌ನಿಂದ ತಂಬೂರಿ ತಂದಿದ್ದು ಹೇಳುತ್ತೇನೆ. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಅಂಥ ಊರು. ಅಲ್ಲಿ ಮಾಡಿದವರೇ "ಆದಷ್ಟೂ ಕೈಯಲ್ಲೇ ತೆಗೆದುಕೊಂಡು ಹೋಗಿ" ಅಂದರು. ಬೆಳಗಾವಿಯವರೆಗೆ ಗೆಳೆಯನ ಕಾರು. ಅಲ್ಲಿಂದ ಸ್ಲೀಪರ್ ಬಸ್ಸಿನಲ್ಲಿ ಜೋಡಿ ಬರ್ತ್, ಎರಡಕ್ಕೂ ನಾನೇ ದುಡ್ಡು ಕೊಟ್ಟೆ. ಕಂಡಕ್ಟರ್ ಟಾರ್ಚ್ ಬಿಟ್ಟು "ಇನ್ನೊಬ್ಬರೆಲ್ಲಿ ಸರ್?" ಅಂದ. ಮಲಗಿದ್ದಾರೆ ಅಂದೆ. ಕಂಬಳಿ ಸರಿಸಿ ಬುರುಡೆ ನೋಡಿ ಬೆಚ್ಚಿಬಿದ್ದ.

ರೈಲಾದರೆ ಅಜ್ಮೀರ್–ಮೈಸೂರು ಗಾಡಿ ಪುಣೆ, ಮೀರಜ್, ಹುಬ್ಬಳ್ಳಿ ಮೇಲೆ ನೇರ ಮೈಸೂರಿಗೇ ಬರುತ್ತೆ. ಪಾರ್ಸಲ್ ಬೋಗಿಗೆ ಮಾತ್ರ ಕೊಡಬೇಡಿ, ಅಲ್ಲೂ ಮೇಲಿನ ತಮ್ಮ ಹೇಳಿದ ಕಥೆಯೇ. ಮೇಲಿನ ಬರ್ತ್ ತೆಗೆದುಕೊಂಡು ಗೋಡೆ ಕಡೆ ವೀಣೆ, ಈಚೆ ನೀವು. ನಿದ್ದೆ ಬರಲ್ಲ. ಆದರೆ ನನಗೆ ಬಸ್ಸೇ ವಾಸಿ, ಪರದೆ ಎಳೆದರೆ ಯಾರೂ ಕಾಲಿಡಲ್ಲ.

ಕೃಷ್ಣಮೂರ್ತಿಪುರಂ ಕರಿಕೋಟು:

ಎರಡನೇ ಪ್ರಶ್ನೆಗೆ. ಕೈ ತೊಳೆದುಕೊಳ್ಳಬೇಡಿ ಮೇಡಂ, ಆದರೆ ಫೋನು ಮಾಡುವುದು ನಿಲ್ಲಿಸಿ. ಫೋನಿಗೆ ಬೆಲೆ ಇಲ್ಲ. ಕ್ಯಾರಿಯೇಜ್ ಬೈ ರೋಡ್ ಆಕ್ಟ್, 2007ರ ಪ್ರಕಾರ ದಾವೆ ಹೂಡುವ ಮೊದಲು ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ನಿಮ್ಮದು ಏಪ್ರಿಲ್ 11. ಹಾಗಾದರೆ ಅಕ್ಟೋಬರ್ 8ರ ಒಳಗೆ. ಸ್ಪೀಡ್ ಪೋಸ್ಟಿನಲ್ಲಿ ಈ ವಾರವೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. "ಓನರ್ಸ್ ರಿಸ್ಕ್" ಸೀಲು ಹೊಡೆದ ಮಾತ್ರಕ್ಕೆ ಅವರ ಅಜಾಗರೂಕತೆ ಮಾಫಿ ಆಗಲ್ಲ. ಆ ಸೀಲಿಗೆ ಹೆದರಿಯೇ ಮುಕ್ಕಾಲು ಪಾಲು ಜನ ಮನೆಗೆ ಹೋಗುತ್ತಾರೆ.

ಗ್ರಾಹಕರ ಆಯೋಗಕ್ಕೆ ಹೋಗಲು ಪುಣೆಗೆ ಓಡಬೇಕಿಲ್ಲ. 2019ರ ಕಾಯ್ದೆ ಬಂದಮೇಲೆ ನೀವು ವಾಸ ಇರುವ ಮೈಸೂರಿನಲ್ಲೇ ದೂರು ಹಾಕಬಹುದು. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷ ಅವಕಾಶ ಇದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಒಂದು ದೂರು ದಾಖಲಿಸಿ, ಕೆಲವು ಕಂಪನಿಗಳು ಅಷ್ಟಕ್ಕೇ ಬಗ್ಗುತ್ತವೆ.

ಬೇಜಾರು ಮಾಡಿಕೊಳ್ಳಬೇಡಿ, 10,000 ಅಂತ ಬರೆಸಿದ್ದು ನಿಮಗೆ ಅಡ್ಡ ಬರುತ್ತೆ. ಬರೆದ ಬೆಲೆಗಿಂತ ಜಾಸ್ತಿ ಕೊಡಲ್ಲ ಅನ್ನುವುದು ಅವರ ಮೊದಲ ವಾದ ಆಗಿರುತ್ತೆ. ನಿಮ್ಮ ಬಲ ಇರುವುದು ಪ್ಯಾಕಿಂಗಿನಲ್ಲಿ. 2,200 ತೆಗೆದುಕೊಂಡು ಪ್ಯಾಕ್ ಮಾಡಿ, ಆಮೇಲೆ ಪ್ಯಾಕಿಂಗ್ ಸರಿಯಿಲ್ಲ ಅಂತ ಅವರೇ ಬರೆದುಕೊಟ್ಟಿದ್ದರೆ ಅದಕ್ಕಿಂತ ಸಾಕ್ಷಿ ಬೇಕಾ? ಅಂಥ ಇಮೇಲ್ ಬಂದಿದ್ದರೆ ಜೋಪಾನ. ವಿಡಿಯೋ ಕಾಲ್ ರೆಕಾರ್ಡ್ ಆಗಿದೆಯಾ? ಮತ್ತೆ ಪೆಟ್ಟಿಗೆ, ಸ್ಟಿಕ್ಕರ್ ಸಮೇತ, ಇದೆ ತಾನೇ?

ಸರಸ್ವತಿಪುರಂ ವೀಣೆ ಟೀಚರ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ರೆಕಾರ್ಡ್ ಮಾಡಿಲ್ಲ, ಆದರೆ ಮಗಳು ಹದಿನಾಲ್ಕು ಫೋಟೋ ತೆಗೆದಿದ್ದಾಳೆ. ನೋಟಿಸ್ ನಾಳೆಯೇ ಹಾಕುತ್ತೇನೆ. ವೀಣೆ ತರಲು ನಾನೇ ಹೋಗುತ್ತೇನೆ. ಹೋಗುವಾಗ ರೈಲು, ಬರುವಾಗ ಬೆಂಗಳೂರಿನವರೆಗೆ ಸ್ಲೀಪರ್ ಬಸ್ಸು, ಜೋಡಿ ಬರ್ತ್. ಸಿಂಬಿಗೆ ಅತ್ತೆಯದೇ ಒಂದು ಹಳೇ ಇಳಕಲ್ ಸೀರೆ ಇದೆ. ಮಂಡ್ಯದ ತಮ್ಮ, ನಿನಗೆ ಬೈಯಲ್ಲಪ್ಪ. ನಿಜ ಹೇಳಿದವನು ನೀನೊಬ್ಬನೇ.

ಮಂಡಿಮೊಹಲ್ಲಾದವರೇ, ನೀವು ಹೇಳಿದಮೇಲೆ ಬಿರಡೆ ಎಣಿಸಲು ಹೇಳಿದೆ. ಕೊಡದ ಒಳಗೆ ಗಲಗಲ ಅಂದದ್ದು ಯಾಳಿಯ ದವಡೆಯೂ ಒಂದು ಬಿರಡೆಯೂ ಅಂತೆ. ನಾದರಂಧ್ರದಿಂದ ಹೇಗೆ ಒಳಗೆ ಹೋದವೋ ದೇವರೇ ಬಲ್ಲ. ಅದೂ ಸೇರಿ ಆರೇ ಇವೆ. ಏಳನೆಯದು ಪೆಟ್ಟಿಗೆಯ ಹುಲ್ಲಿನಲ್ಲಿ ಇರಬಹುದು.

ಪೆಟ್ಟಿಗೆಯನ್ನು ಮಗಳು ವಾಚ್‌ಮನ್‌ಗೆ ಕೊಟ್ಟುಬಿಟ್ಟಿದ್ದಾಳೆ. ಅವನು ಅದನ್ನು ಗೇಟಿನ ಹತ್ತಿರ ಅಂಗಾತ ಹಾಕಿಕೊಂಡು ಕೂರುವ ಬೆಂಚು ಮಾಡಿಕೊಂಡಿದ್ದಾನಂತೆ. ಇನ್ನೂ ಮುರಿದಿಲ್ಲವಂತೆ. ವಾಪಸು ಕೇಳಲು ಅವಳಿಗೆ ಸಂಕೋಚ. ಹೊಸ ಪ್ಲಾಸ್ಟಿಕ್ ಕುರ್ಚಿ ಒಂದು ಕೊಡಿಸಿ ಬಿಡಿಸಿಕೋ ಅಂದಿದ್ದೇನೆ. ಹುಲ್ಲು ಎಲ್ಲಿ ಸುರಿದ ಅಂತ ಮೊದಲು ಕೇಳು ಅಂತಲೂ ಹೇಳಿದ್ದೇನೆ.