ಇಪ್ಪತ್ತರವರೆಗೆ ಹೇಳ್ತಾರೆ, ಐದು ಕೊಡು ಅಂದ್ರೆ ಹಿಡಿ ತುಂಬ ಕೊಡ್ತಾರೆ

ಮಣಿಸರ:
ಮೂರೂವರೆಯಿಂದ ನಾಲ್ಕು ವರ್ಷದ 16 ಮಕ್ಕಳು, ನೋಡಿಕೊಳ್ಳೋಕೆ ಇಬ್ಬರು. ಎಲ್ಲರೂ ಇಪ್ಪತ್ತರವರೆಗೆ ಸರಾಗವಾಗಿ ಹೇಳ್ತಾರೆ. ಆದ್ರೆ ಬುಟ್ಟಿಯಿಂದ ಐದು ಮುಚ್ಚಳ ಕೊಡು ಅಂದ್ರೆ ಕೈಗೆ ಬಂದಷ್ಟು ಬಾಚಿ ಕೊಡ್ತಾರೆ. ಎಣಿಸಿ ಮುಗಿದ ಮೇಲೆ "ಒಟ್ಟು ಎಷ್ಟು?" ಅಂತ ಕೇಳಿದ್ರೆ ಮತ್ತೆ ಒಂದರಿಂದ ಶುರು. ವರ್ಕ್‌ಶೀಟ್ ಬೇಡವೇ ಬೇಡ. ಆಟದಲ್ಲೇ ಇದನ್ನ ಕಲಿಸೋದು ಹೇಗೆ?

ಗೋಲಿಗುಂಡು:
ಆ ವಯಸ್ಸಿಗೆ ಇದು ಸಹಜ. ಬಾಯಿಪಾಠವೇ ಬೇರೆ, ಎಣಿಕೆಯೇ ಬೇರೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಅನ್ನೋದು ಮಗುವಿಗೆ ಒಂದೇ ಸಲಕ್ಕೆ ಹೊಳೆಯೋದಿಲ್ಲ. ಮೊದಲು "ಒಂದು" ಗಟ್ಟಿಯಾಗುತ್ತೆ, ಆಮೇಲೆ "ಎರಡು", ಮತ್ತೆ ಕೆಲವು ತಿಂಗಳಿಗೆ "ಮೂರು". ಹಾಗಾಗಿ ಐದರಿಂದ ಶುರು ಮಾಡಬೇಡಿ.

ಯಾವ ಮಗು ಎಲ್ಲಿದೆ ಅಂತ ಮೊದಲು ನೋಡಿ. ಒಂದೇ ಥರದ ಹತ್ತು ಮುಚ್ಚಳ, ಒಂದು ತಟ್ಟೆ, ಒಂದು ಬೊಂಬೆ. "ಬೊಂಬೆಗೆ ಎರಡು ಕೊಡು" ಅನ್ನಿ. ಸರಿ ಕೊಟ್ಟರೆ ಮೂರು ಕೇಳಿ, ತಪ್ಪಿದರೆ ಒಂದಕ್ಕೆ ಇಳಿಯಿರಿ. ಎರಡು ಸರಿಯಾಗಿ ಕೊಟ್ಟು ಮೂರಕ್ಕೆ ಹಿಡಿ ತುಂಬ ಕೊಡೋ ಮಗುವಿನ ಜೊತೆ ಸದ್ಯಕ್ಕೆ ಎರಡು, ಮೂರರಲ್ಲೇ ಆಡಿ.

"ಒಟ್ಟು ಎಷ್ಟು?" ಅಂತ ಪದೇ ಪದೇ ಕೇಳೋದನ್ನ ದಯವಿಟ್ಟು ನಿಲ್ಲಿಸಿ. ಮತ್ತೆ ಕೇಳಿದ್ರೆ ತಾನು ತಪ್ಪಿದೆ ಅಂದುಕೊಂಡು ಮಗು ಮತ್ತೆ ಎಣಿಸುತ್ತೆ. ಬದಲಿಗೆ ಮೊತ್ತವನ್ನ ನೀವೇ ಮೊದಲು ಹೇಳಿ, ಆಮೇಲೆ ಎಣಿಸಿ: "ನೋಡು, ಮೂರು ಮುಚ್ಚಳ. ಒಂದು, ಎರಡು, ಮೂರು." ಸಂಖ್ಯೆಗೂ ಗುಂಪಿಗೂ ನಂಟು ಬೆಳೆಯೋದು ಹೀಗೆ ಕೇಳಿ ಕೇಳಿಯೇ.

ಡಬ್ಬಿ ಆಟವನ್ನೂ ಸೇರಿಸಿ. ಮಗು ನೋಡ್ತಿರೋ ಹಾಗೆ ತಗಡಿನ ಡಬ್ಬಿಗೆ ಮುಚ್ಚಳಗಳನ್ನ ಒಂದೊಂದಾಗಿ ಸದ್ದು ಬರೋ ಹಾಗೆ ಹಾಕಿ, ಬಟ್ಟೆ ಮುಚ್ಚಿ, "ಒಳಗೆ ಎಷ್ಟಿವೆ?" ಅನ್ನಿ. ಕಣ್ಣಿಗೆ ಕಾಣದಿದ್ದಾಗ ಮತ್ತೆ ಎಣಿಸೋಕೆ ಆಗಲ್ಲ, ಮೊತ್ತವನ್ನ ಮನಸ್ಸಲ್ಲಿ ಹಿಡಿದಿಟ್ಟುಕೊಳ್ಳಲೇಬೇಕು. ಬಟ್ಟೆ ತೆಗೆದು ತಾನೇ ನೋಡಿಕೊಳ್ಳಲಿ, ಸರಿ ತಪ್ಪು ನೀವು ಹೇಳೋದು ಬೇಡ.

ಬಣ್ಣದಪೆಟ್ಟಿಗೆ:
ಮೇಲಿನದಕ್ಕೆ ಒಂದು ಸೇರಿಕೆ. ರಾಶಿ ಹಾಕಿದ ವಸ್ತುಗಳನ್ನ ಎಣಿಸುವಾಗ ಬೆರಳಿಗಿಂತ ಬಾಯಿ ಮುಂದೆ ಓಡುತ್ತೆ: ಒಂದನ್ನ ಮುಟ್ಟಿ ಎರಡು ಹೆಸರು, ಇಲ್ಲವೇ ಒಂದನ್ನೇ ಎರಡು ಸಲ. ಗುಣಿಗಳಿರೋ ಟ್ರೇ ಕೊಡಿ, ಒಂದು ಗುಣಿಗೆ ಒಂದೇ ವಸ್ತು. ಇಟ್ಟಾಗ ಮಾತ್ರ ಸಂಖ್ಯೆ ಹೇಳಬೇಕು. ವೇಗ ತಾನಾಗೇ ತಗ್ಗುತ್ತೆ.

ವಸ್ತುವಿನ ಗಾತ್ರದ ಬಗ್ಗೆ ರಾಜಿ ಬೇಡ. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಬಳಸೋ ಕೊಳವೆಯ ವ್ಯಾಸ ಸುಮಾರು 3.2 ಸೆಂ.ಮೀ. ಅದರೊಳಗೆ ಪೂರ್ತಿ ಹೋಗೋ ವಸ್ತು ಮೂರು ವರ್ಷದೊಳಗಿನ ಮಕ್ಕಳಿಗೆ ಅಪಾಯ. ನಿಮ್ಮಲ್ಲಿ ದೊಡ್ಡ ಮಕ್ಕಳಿದ್ದರೂ ಎಲ್ಲವನ್ನೂ ಬಾಯಿಗೆ ಹಾಕೋರು ಇದ್ದೇ ಇರ್ತಾರೆ, 4 ಸೆಂ.ಮೀ.ಗಿಂತ ಚಿಕ್ಕದು ಇಡಬೇಡಿ.

ಗೋಲಿಗುಂಡು:
ಮೂರು, ನಾಲ್ಕು ಗಟ್ಟಿಯಾದ ಮಕ್ಕಳಿಗೆ ಸಾಲುಮನೆ ಆಟ ಮಾಡಿಕೊಡಿ. ಉದ್ದನೆಯ ರಟ್ಟಿನ ಮೇಲೆ 5 ಸೆಂ.ಮೀ. ಅಗಲದ ಹತ್ತು ಸಮ ಮನೆ, ಎಡದಿಂದ ಬಲಕ್ಕೆ 1ರಿಂದ 10. ಎಡತುದಿಯಲ್ಲಿ ಸಂಖ್ಯೆಯಿಲ್ಲದ ಹೊರಡೋ ಮನೆ ಬೇರೆ. ದೊಡ್ಡ ಮರದ ದಾಳದ ಮೂರು ಮುಖಕ್ಕೆ ಒಂದು ಚುಕ್ಕೆ, ಮೂರಕ್ಕೆ ಎರಡು. ಆರರವರೆಗಿನ ದಾಳ ಬೇಡ, ಮೂರ್ನಾಲ್ಕು ಗರಕ್ಕೇ ಆಟ ಮುಗಿದುಹೋಗುತ್ತೆ.

ಮುಖ್ಯ ವಿಷಯ: ಕಾಯಿ ನಡೆಸುವಾಗ ಮನೆಯ ಮೇಲಿನ ಸಂಖ್ಯೆಯನ್ನೇ ಹೇಳಬೇಕು. ಕಾಯಿ 4ರಲ್ಲಿದ್ದು ಎರಡು ಬಿದ್ದರೆ "ಐದು, ಆರು", "ಒಂದು, ಎರಡು" ಅಲ್ಲ. ಸೀಗ್ಲರ್ ಮತ್ತು ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಖ್ಯೆ ಬರೆದ ಇಂಥ ಸಾಲಿನಲ್ಲಿ ಆಡಿದ ಮಕ್ಕಳ ಸಂಖ್ಯಾಜ್ಞಾನ ಹೆಚ್ಚಿತು. ಬಣ್ಣದ ಮನೆಗಳಲ್ಲಿ ಆಡಿದವರಲ್ಲಿ ಹಾಗಾಗಲಿಲ್ಲ.

ಮಣಿಸರ:
ತುಂಬಾ ಉಪಯೋಗವಾಯ್ತು. ಕಾಯಿ ಇರೋ ಮನೆಯನ್ನೂ ಸೇರಿಸಿ ಎಣಿಸಿದರೆ? ಒಂದು ಟೇಬಲ್‌ಗೆ ಎಷ್ಟು ಮಕ್ಕಳು?

ಬಣ್ಣದಪೆಟ್ಟಿಗೆ:
ಅದು ಎಲ್ಲರೂ ಮಾಡೋದೇ. ಕಾಯಿಯನ್ನ ಕೈಗೆತ್ತಿಕೊಂಡು "ಹಾರು!" ಅಂತ ಹೇಳಿ, ಮುಂದಿನ ಮನೆಗೆ ತಟ್ಟಿದ ಮೇಲೇ ಸಂಖ್ಯೆ. ತಪ್ಪಿದರೆ ಕೈ ಹಿಡಿದು ನಡೆಸಬೇಡಿ, ನಿಮ್ಮ ಸರದಿಯಲ್ಲಿ ನಿಧಾನವಾಗಿ ಆಡಿ ತೋರಿಸಿ.

ಒಂದು ರಟ್ಟಿಗೆ ಇಬ್ಬರು, ದೊಡ್ಡವರೊಬ್ಬರ ಕಣ್ಣಳತೆಯಲ್ಲಿ ಎರಡು ರಟ್ಟು. ಸರದಿಗೆ ಹೆಚ್ಚು ಹೊತ್ತು ಕಾಯಬೇಕಾದರೆ ಎದ್ದು ಹೋಗ್ತಾರೆ. ಉಳಿದ 12 ಮಂದಿ ಇನ್ನೊಬ್ಬರ ಜೊತೆ ಕಟ್ಟೋ ಆಟದಲ್ಲಿರಲಿ. ಹತ್ತು ನಿಮಿಷಕ್ಕೆ ಗುಂಪು ಬದಲಿಸಿ. ಯಾರಾದ್ರೂ ಇನ್ನೊಂದಾಟ ಬೇಕು ಅಂದ್ರೆ ಆ ಮಗುವನ್ನ ಮಾತ್ರ ಅಲ್ಲೇ ಬಿಡಿ.